ಮಡಚಿದ ಸಾಲನ್ನು ಕಾಯುವ ಹಂಸ

"ಆ ಸಾಲು ಕಳ್ದಿದ್ದು ನಾನು. ನಾನೇ ಪತ್ರಕ್ಕೆ ವಾಪಸ್ ಸೇರಿಸ್ತೀನಿ, ಬೈರಮ್ಮ."

ಹದಿನೇಳು ವರ್ಷದ ಹಿಂದೆ ಕೆ.ಆರ್. ಪುರದ ಟೈಪಿಂಗ್ ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತು ಈ ಮಾತು ಕೊಟ್ಟಾಗ ಹಂಸ ಅವರಿಗೆ ಇಪ್ಪತ್ತಾರು ವರ್ಷ. ಕೇಳಿಸಿಕೊಂಡ ಬೈರಮ್ಮ ಬೈಯಲಿಲ್ಲ, ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಆಯ್ತು ಕಣಮ್ಮ, ಸೇರ್ಸು" ಅಂದು ಬಸ್ಸು ಹಿಡಿಯಲು ಹೋದರು. ಅವತ್ತು ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಹಂಸ ಈಗಲೂ ಅಂದುಕೊಳ್ಳುತ್ತಾರೆ.

ಬೆಳಗಿನ ಐದೂಕಾಲು. ಅದೇ ಅಂಗಡಿಯ ಶಟರ್ ಅರ್ಧ ಎದ್ದಿದೆ. ಒಳಗೆ ಹಂಸ ಸ್ವೆಟರ್ ತೊಟ್ಟು ಒಂದೇ ಕೀಲಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದಾರೆ. ಕೆಳಗಿಳಿಯುವ ಬಾಣದ ಕೀಲಿ. ಪರದೆಯ ಮೇಲೆ ಮಿನುಗುವ ಸಣ್ಣ ಗೆರೆ, ಅಂದರೆ ಕರ್ಸರ್, ಒಂದೊಂದೇ ಸಾಲು ಇಳಿದು ಮೂರು ಚುಕ್ಕಿ ಇರುವಲ್ಲಿಗೆ ಬಂದು ನಿಲ್ಲುತ್ತದೆ. ಆ ಚುಕ್ಕಿಗಳ ಹಿಂದೆ ನಲವತ್ತು ಸಾಲುಗಳನ್ನು ಮಡಚಿ ಮರೆಮಾಡಲಾಗಿದೆ. ಇನ್ನೊಮ್ಮೆ ಒತ್ತಿದರೆ ಕರ್ಸರ್ ಅವನ್ನೆಲ್ಲ ದಾಟಿ ಆಚೆಗೆ ಇಳಿಯಬೇಕು. ಇಳಿಯುತ್ತದೆ. ಹಂಸ ನೋಟ್‌ಬುಕ್ಕಿನಲ್ಲಿ ಒಂದು ಟಿಕ್ ಹಾಕಿ ಮತ್ತೆ ಮೇಲಿನಿಂದ ಶುರು ಮಾಡುತ್ತಾರೆ.

ಒಂಬತ್ತೂವರೆಗೆ ಎದುರಿನ ನೋಂದಣಿ ಕಚೇರಿ ತೆರೆಯುತ್ತದೆ. ಆಮೇಲೆ ಅವರು ಬರೀ ಪತ್ರ ಟೈಪ್ ಮಾಡುವ ಹಂಸ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಸೇರಿ ದಿನಕ್ಕೆ ಹನ್ನೊಂದು, ಶ್ರಾವಣದಲ್ಲಿ ಹದಿನಾರು. ಇಂಥ ಅಂಗಡಿಗಳಲ್ಲಿ ಯಾರೂ ಪತ್ರವನ್ನು ಮೊದಲಿಂದ ಹೊಡೆಯುವುದಿಲ್ಲ. ಎಲ್ಲ ಪತ್ರಕ್ಕೂ ಒಂದೇ ಆಗಿರುವ ಷರತ್ತುಗಳನ್ನು ಟೈಪ್ ಮಾಡುವ ಸಾಫ್ಟ್‌ವೇರ್ ಆದ ಎಡಿಟರ್‌ನಲ್ಲಿ ಮಡಚಿಟ್ಟು, ಹೆಸರು, ವಿಳಾಸ, ಜಾಗದ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ ಮಾತ್ರ ಕಣ್ಣೆದುರು ಇಟ್ಟುಕೊಂಡು ತುಂಬುತ್ತಾರೆ. ಕೆಲಸ ಬೇಗ ಸಾಗುತ್ತದೆ.

ಬೈರಮ್ಮನ ಪತ್ರವನ್ನೂ ಹಾಗೇ ತುಂಬಿದ್ದು. ಗರುಡಾಚಾರ್‌ಪಾಳ್ಯದ ಹಳೇ ಮನೆತನ ಅವರದು. ಹೊಲ ಮಾರಿದರೂ ಮೂಲೆಯ ಒಂದು ಗುಂಟೆ ಉಳಿಸಿಕೊಂಡಿದ್ದರು. ಅಲ್ಲಿ ಗಂಡನ ಸಮಾಧಿ ಇದೆ. "ಸಮಾಧಿಗೆ ಹೋಗಿಬರಲು ಆರು ಅಡಿ ದಾರಿ ಬಿಡತಕ್ಕದ್ದು" ಎಂಬ ಸಾಲನ್ನು ಹಂಸ ಅವರೇ ಷರತ್ತುಗಳ ಕೊನೆಗೆ ಸೇರಿಸಿ ಮಡಚಿದ್ದರು. ಪ್ರಿಂಟ್ ತೆಗೆದು ಪದ್ಧತಿಯಂತೆ ಗಟ್ಟಿಯಾಗಿ ಓದಿಯೂ ಹೇಳಿದರು. ಬೈರಮ್ಮ ತಲೆಯಾಡಿಸಿದರು. ಅಷ್ಟರಲ್ಲಿ ಕೊಳ್ಳುವವರು ತಮ್ಮ ವಿಳಾಸದಲ್ಲಿ ಮನೆ ನಂಬರು ತಪ್ಪಿದೆ ಅಂದರು. ತಿದ್ದಿದ್ದಕ್ಕೆ ವಿಳಾಸ ಉದ್ದವಾಗಿ, ಸಹಿಯ ಸಾಲು ಮುಂದಿನ ಹಾಳೆಗೆ ಜಾರಿತು. ಒಂದು ಖಾಲಿ ಸಾಲು ಅಳಿಸಿದರೆ ಸರಿಹೋಗುತ್ತದೆ ಎಂದು ಹಂಸ ಕೆಳಗಿಳಿದು ಅಳಿಸುವ ಕೀಲಿಯನ್ನು ಒತ್ತಿ ಹಿಡಿದರು. ಸಹಿಯ ಸಾಲು ಮೇಲೆ ಬಂದು ಅಚ್ಚುಕಟ್ಟಾಗಿ ಕೂತಿತು.

"ಎಷ್ಟು ನೀಟಾಗಿ ಕೂತ್ಕೊಳ್ತು ಅಂತ ಖುಷಿ ಪಟ್ಟೆ ನಾನು," ಎನ್ನುತ್ತಾರೆ ಹಂಸ. "ಕರ್ಸರ್ ಮಡಿಕೆ ಒಳಗೆ ಹೋಗಿ ಕೂತಿತ್ತು. ನಾನು ಖಾಲಿ ಸಾಲು ಅಳಿಸ್ತಿದೀನಿ ಅಂದ್ಕೊಂಡು ಅವರ ದಾರಿ ಅಳಿಸ್ತಿದ್ದೆ. ಒಂದು ಸಲ ಓದಿ ಆಗಿತ್ತಲ್ಲ, ಆ ಹಾಳೆ ಮತ್ತೆ ಓದ್ಲಿಲ್ಲ."

ಮಹಾಲಯ ಅಮಾವಾಸ್ಯೆಗೆ ಎಡೆ ಹಿಡಿದು ಹೋದ ಬೈರಮ್ಮನಿಗೆ ಸಿಕ್ಕಿದ್ದು ಕಾಂಪೌಂಡ್ ಗೋಡೆ. ತಿದ್ದುಪಡಿ ಪತ್ರಕ್ಕೆ ಎರಡೂ ಕಡೆಯ ಸಹಿ ಬೇಕು. ಅಷ್ಟರಲ್ಲಿ ಜಾಗ ಕೈ ಬದಲಾಗಿ, ಮನೆ ಕಟ್ಟಿದ್ದ ಜಗದೀಶ್ ಅವರದಾಗಿತ್ತು. ಹಂಸ ಪ್ರತಿ ವರ್ಷ ಅವರ ಬಾಗಿಲು ಬಡಿಯುತ್ತಾರೆ. ಜಗದೀಶ್ ಕೆಟ್ಟವರೇನಲ್ಲ, ಕೂರಿಸಿ ಕಾಫಿ ಕೊಡುತ್ತಾರೆ. "ಪತ್ರದಲ್ಲಿ ಇಲ್ವಲ್ಲ ಮೇಡಂ. ಆರು ಅಡಿ ಬಿಟ್ರೆ ಕಾರ್ ನನ್ನ ತಲೆ ಮೇಲೆ ನಿಲ್ಲಿಸ್ಲಾ?" ಅನ್ನುತ್ತಾರೆ. ಬೇಕಿದ್ದರೆ ಎಡೆ ಕೊಡಿ, ಕೆಲಸದವರ ಕೈಲಿ ಇಡಿಸುತ್ತೇನೆ ಎಂದೂ ಹೇಳಿದ್ದರು.

ಬೈರಮ್ಮನಿಗೆ ಈಗ ಎಪ್ಪತ್ತೊಂದು. "ಅವ್ರ ಕೈಲಿ ಕೊಟ್ಟು ಕಳ್ಸಾಕೆ ಅದೇನು ಕೊರಿಯರಾ?" ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. "ಗೇಟ್ ತಗೀರಿ ಅಂತ ಬೇಡ್ಕೊಂಡು ನನ್ ಗಂಡನ್ ತಾವ ಹೋಗ್ಬೇಕಾ? ಸುಮ್ನೆ ನಡ್ಕೊಂಡು ಹೋಗ್ಬೇಕು ಕಣಮ್ಮ, ಮೊದ್ಲಂಗೆ." ವರ್ಷವರ್ಷವೂ ಎಡೆಯನ್ನು ಗೋಡೆಯ ಬುಡದಲ್ಲಿಟ್ಟು, ಆಚೆ ಸಮಾಧಿ ಬಳಿ ಕಾಣುವ ಹೊಂಗೆ ಮರದ ತುದಿ ನೋಡಿಕೊಂಡು ಸ್ವಲ್ಪ ಹೊತ್ತು ನಿಂತು ಬರುತ್ತಾರೆ.

ಸಾಲನ್ನು ವಾಪಸ್ ತರಲಾಗದ ಹಂಸ ಅದು ಕಳೆದ ಜಾಗಕ್ಕೆ, ಎಡಿಟರ್ ಒಳಕ್ಕೇ ಹೋದರು. ಅದು ಪುಕ್ಕಟೆ ಸಿಗುವ ಎಡಿಟರ್. ತಯಾರಿಸಿದವರಿಗೆ ಪತ್ರ ಬರೆದರೆ, "ನಾವು ಬಿಟ್ಟು ಬಹಳ ದಿನವಾಯಿತು, ಒಳಗಿನ ಕೋಡ್ ಬೇಕಿದ್ದರೆ ನೀವೇ ತಿದ್ದಿಕೊಳ್ಳಿ" ಎಂದು ಉತ್ತರ ಬಂತು. ಪಿಯುಸಿ ಓದಿದ ಹಂಸ ಕಮ್ಮನಹಳ್ಳಿಯ ಸಂಜೆ ಕ್ಲಾಸಿಗೆ ಸೇರಿದರು. ಮಗಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಕಲಿತರು. ಕೋಡ್ ಅರ್ಥವಾಗಲು ನಾಲ್ಕು ವರ್ಷ ಹಿಡಿಯಿತು. ಇವತ್ತು ಸುಮಾರು ಇನ್ನೂರ ಮೂವತ್ತು ಟೈಪಿಂಗ್ ಅಂಗಡಿಗಳು ಅವರು ತಿದ್ದಿದ ಎಡಿಟರ್ ಬಳಸುತ್ತವೆ. ತಿದ್ದಿದವರು ಯಾರೆಂದು ಹೆಚ್ಚಿನವರಿಗೆ ಗೊತ್ತಿಲ್ಲ.

ಗೊತ್ತಿರುವ ಒಬ್ಬರು ಶಿವಾಜಿನಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಅಕ್ತರ್. ಹೊಸದೇನು ಮಾಡಿದರೂ ಮೊದಲು ಅವರಿಗೇ ಹೋಗುತ್ತದೆ. "ಏನಕ್ಕಾ, ನಿಮ್ದು ಕರ್ಸರ್‌ಗೆ ಬಾಗಿಲು ಎಲ್ಲಿ ಅಂತ ಇವತ್ತೂ ಗೊತ್ತಾಗಿಲ್ಲ," ಎಂದು ಫೋನಿನಲ್ಲೇ ಕಾಲೆಳೆಯುತ್ತಾರೆ. ಕರ್ಸರ್ ಒಳಗಿರುವಾಗಲೇ ಆ ಭಾಗವನ್ನು ಮಡಚಿದರೆ ಅದೆಲ್ಲಿಗೆ ಹೋಗಬೇಕು ಎಂದು ಇಬ್ಬರೂ ಎರಡು ತಿಂಗಳು ಜಗಳವಾಡಿದ್ದಾರೆ. ಇದ್ದಲ್ಲೇ ಇರಲಿ, ಬಿಚ್ಚಿದಾಗ ಅಲ್ಲೇ ಸಿಗುತ್ತೆ ಎನ್ನುವುದು ಅಕ್ತರ್ ವಾದ. ಹಂಸ ಒಪ್ಪಲಿಲ್ಲ. "ಒಳಗೆ ಜನ ಇರೋವಾಗ ಬಾಗಿಲು ಹಾಕಿದ್ರೆ, ಮೊದ್ಲು ಅವರನ್ನ ಹೊಸ್ತಿಲ ಮೇಲೆ ತಂದು ನಿಲ್ಲಿಸ್ಬೇಕು ಅಕ್ತರ್. ಕಣ್ಣಿಗೆ ಕಾಣ್ದೇ ಇರೋದನ್ನ ಕೈ ಮುಟ್ಟಬಾರ್ದು. ಮುಟ್ಟಲೇಬೇಕು ಅಂದ್ರೆ ಮೊದ್ಲು ತೆರೆದು ತೋರಿಸ್ಬೇಕು."

ಈಗ ಅವರ ಎಡಿಟರ್ ನಡೆಯುವುದು ಹಾಗೇ. ಬಾಣದ ಕೀಲಿ ಮಡಿಕೆಯನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತದೆ. ಹುಡುಕಿದ ಪದ ಒಳಗಿದ್ದರೆ ಮಡಿಕೆ ತಾನೇ ಬಿಚ್ಚಿಕೊಳ್ಳುತ್ತದೆ. ಮಡಿಕೆಯ ಅಂಚಿನಲ್ಲಿ ಅಳಿಸುವ ಕೀಲಿ ಒತ್ತಿದರೆ ಏನೂ ಅಳಿಯುವುದಿಲ್ಲ, ಒಳಗಿನದೆಲ್ಲ ತೆರೆದು ಕಾಣುತ್ತದೆ. ಬೆರಳೆತ್ತಿ ಎರಡನೆಯ ಸಲ ಒತ್ತಿದರೆ ಮಾತ್ರ ಅಕ್ಷರ ಹೋಗುತ್ತದೆ.

ಕಳೆದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಬ್ರೋಕರ್ ಒಬ್ಬರು ಕ್ರಯಪತ್ರದ ಕರಡು ತಂದು ಮೇಜಿನ ಮೇಲಿಟ್ಟರು. ಹಂಸ ಚಕ್ಕುಬಂದಿ ಓದಿದರು. ಪಶ್ಚಿಮಕ್ಕೆ: ಬೈರಮ್ಮನವರ ಒಂದು ಗುಂಟೆ ಸಮಾಧಿ ಜಾಗ. ಹಿಂದೆಯೇ ಜಗದೀಶ್ ಬಂದು ಬೆಂಚಿನ ಮೇಲೆ ಕೂತರು. ಮನೆ ಮಾರುತ್ತಿದ್ದರು. ಕೊಳ್ಳುವವರು ಫೋನಿನಲ್ಲಿ ಮುಳುಗಿದ್ದರು. ಮೂರನೆಯ ಹಾಳೆಯ ಷರತ್ತುಗಳನ್ನು ಯಾರೂ ಗಮನವಿಟ್ಟು ಓದುವುದಿಲ್ಲ. ಆರು ಅಡಿ ದಾರಿಯ ಸಾಲನ್ನು ಸೇರಿಸಿ ಮಡಚಿದ್ದರೆ, ಓದುವಾಗ ಅದೊಂದನ್ನು ದಾಟಿಬಿಟ್ಟಿದ್ದರೆ ಸಾಕಿತ್ತು.

"ಟೈಪ್ ಮಾಡಿದ್ದೆ. ಸುಳ್ಳು ಹೇಳಲ್ಲ," ಎನ್ನುತ್ತಾರೆ ಹಂಸ. "ಆಮೇಲೆ ಪರದೆ ಅವರ ಕಡೆ ತಿರುಗಿಸ್ದೆ. ಸರ್, ಈ ಸಾಲು ಇರಲಾ ಅಂತ ಕೇಳ್ದೆ."

ಕೊಳ್ಳುವವರು ಜಗದೀಶ್ ಮುಖ ನೋಡಿದರು. ಜಗದೀಶ್ ನೆಲ ನೋಡುತ್ತಲೇ ಅಂದರು, "ಬೇಡ ಮೇಡಂ, ತೆಗೀರಿ."

ಹಂಸ ತೆಗೆದರು. ಎಲ್ಲ ಮಡಿಕೆಗಳನ್ನೂ ಬಿಚ್ಚಿ, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಪ್ರಿಂಟ್ ಕೊಟ್ಟರು. ಸಂಜೆ ಗರುಡಾಚಾರ್‌ಪಾಳ್ಯಕ್ಕೆ ಹೋದಾಗ ಬೈರಮ್ಮ ಸೊಪ್ಪು ಬಿಡಿಸುತ್ತಿದ್ದರು.

"ಪತ್ರ ನಿನ್ ಅಂಗ್ಡೀಲೇ ಆಯ್ತಂತೆ?"

"ಹೂಂ."

"ಕೇಳ್ದಾ?"

"ಕೇಳ್ದೆ. ಬೇಡ ಅಂದ್ರು."

ಬೈರಮ್ಮ ಸೊಪ್ಪಿನ ಅರ್ಧ ಕಟ್ಟನ್ನು ಹಂಸ ಅವರ ಕಡೆಗೆ ಸರಿಸಿದರು. ಇಬ್ಬರೂ ಕೂತು ಬಿಡಿಸಿದರು.

ಮಾರನೆಯ ದಿನ ಪತ್ರ ನೋಂದಣಿಯಾಯಿತು. ಆರು ಅಡಿ ದಾರಿಯ ಸಾಲು ಅದರಲ್ಲಿ ಇಲ್ಲ. ಹಂಸ ಕೊಟ್ಟ ಮಾತು ನಡೆಯಲಿಲ್ಲ.