ರಂಗಯ್ಯನದುರ್ಗದ ನೀರು, ಷಡ್ಡಕನ ಗಾಳ

ಶನಿವಾರ ಮಧ್ಯಾಹ್ನದ ಬಿಸಿಲು ಸ್ವಲ್ಪ ಇಳಿದ ಮೇಲೆ ಚಳ್ಳಕೆರೆಯಿಂದ ನಮ್ಮ ಬಸ್ಸು ಹೊರಟಿತು. ಎಣ್ಣೆ ಗಿರಣಿಯಲ್ಲಿ ಅರ್ಧ ದಿನ ರಜೆ ಕೇಳಿ, ಮೈಗಂಟಿದ ಶೇಂಗಾ ಹಿಂಡಿಯ ವಾಸನೆ ತೊಳೆದುಕೊಂಡು, ಹೆಂಡತಿ ಸರೋಜಳನ್ನು ಕಿಟಕಿ ಪಕ್ಕ ಕೂರಿಸಿ, ಬಿದಿರಿನ ಗಾಳದ ಕೋಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದೆ. ಕೋಲಿನ ತುದಿ ಬಸ್ಸಿನ ಚಾವಣಿಗೆ ತಾಗಿ ಬಾಗಿತ್ತು.

ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿದ. "ಏನ್ರೀ, ಯಾರದಾದ್ರೂ ಬಿಂದಿಗೆ ಬಾವಿಗೆ ಬಿದ್ದೈತಾ?"

"ಮೊಳಕಾಲ್ಮೂರಿಗೆ ಎರಡು ಕೊಡಪ್ಪ. ಮೀನು ಹಿಡಿಯೋಕ್ಕೆ ಹೊಂಟಿದೀವಿ."

"ಮೊಳಕಾಲ್ಮೂರಾಗೆ ಮೀನಾ! ಕುಡಿಯೋಕ್ಕೆ ನೀರು ಸಿಕ್ರೆ ಹೇಳಿ ಕಳಿಸ್ರಿ," ಎಂದು ನಗುತ್ತಾ ಚೀಟಿ ಹರಿದುಕೊಟ್ಟ. ಕೋಲಿಗೆ ಟಿಕೆಟ್ ಹಾಕಲಿಲ್ಲ. ಅದೊಂದು ಉಪಕಾರ.

ಅವನ ನಗೆ ತಪ್ಪೇನಲ್ಲ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ ಅದು. ನಮ್ಮ ಸೀಮೆಯಲ್ಲಿ ನೀರು ಕಂಡರೆ ಜನ ಸೈಕಲ್ಲು ನಿಲ್ಲಿಸಿ ನೋಡುತ್ತಿದ್ದರು. ಆ ವರ್ಷ ದಸರೆಯ ಆಸುಪಾಸಿನಲ್ಲಿ ಅಪರೂಪಕ್ಕೆ ಮಳೆ ಬಿದ್ದು, ರಂಗಯ್ಯನದುರ್ಗದ ಡ್ಯಾಮಿಗೆ ನೀರು ಬಂದಿದೆ ಎಂದು ಮೊಳಕಾಲ್ಮೂರಿನ ಮಾವ ಫೋನು ಮಾಡಿದ್ದರು. ನೀರು ಬಂತೆಂದರೆ ಕೊರಮೀನು ಎದ್ದಿತೆಂದೇ ಅರ್ಥ. ಹಾವಿನಂಥ ತಲೆ, ಕಪ್ಪು ಬೆನ್ನು, ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುವ ಗತ್ತಿನ ಮೀನು. ಎರೆಹುಳುವಿಗೆ ಸುಮ್ಮನೆ ಬಾಯಿ ಹಾಕುವ ಜಾತಿಯಲ್ಲ. ಕಣ್ಣೆದುರಿಗೆ ಏನಾದರೂ ಮಿಂಚಬೇಕು, ಕುಪ್ಪಳಿಸಬೇಕು, ಅದಕ್ಕೆ ಸಿಟ್ಟು ಬರಬೇಕು. ಆಗ ಎರಗುತ್ತದೆ.

ಮಾವನ ಮನೆಯಲ್ಲಿ ಒಂದು ಪದ್ಧತಿಯಿದೆ. ಮನೆಗೆ ಬಂದ ಕೊರಮೀನಿನ ತಲೆ ಹಿರಿಯರಿಗಲ್ಲ, ಅತಿಥಿಗಲ್ಲ, ಹಿಡಿದವನ ತಟ್ಟೆಗೆ. ಮದುವೆಯಾದಾಗಿನಿಂದ, ಡ್ಯಾಮಿಗೆ ನೀರು ಬಂದ ವರ್ಷಗಳಲ್ಲೆಲ್ಲ, ಆ ತಲೆ ನನ್ನ ತಟ್ಟೆಯಲ್ಲೇ ಕೂತಿದೆ. ಅತ್ತೆ ಅದನ್ನು ಬಡಿಸುವಾಗ ಸೌಟು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಸಂಬಳ, ಹುದ್ದೆ, ಒಡವೆ ಯಾವುದರಲ್ಲೂ ದೊಡ್ಡ ಅಳಿಯ ಅನ್ನಿಸಿಕೊಳ್ಳದ ನಾನು ಆ ಒಂದು ಕ್ಷಣದಲ್ಲಿ ದೊಡ್ಡ ಅಳಿಯನಾಗುತ್ತಿದ್ದೆ.

ಹಿಂದಿನ ವರ್ಷ ಸರೋಜಳ ತಂಗಿ ಲತಾಳ ಮದುವೆಯಾಯಿತು. ಹುಡುಗ ಪ್ರಭಾಕರ, ದಾವಣಗೆರೆಯವನು, ಮೋಟಾರು ಬಿಡಿಭಾಗಗಳ ಅಂಗಡಿ. ನನ್ನ ಷಡ್ಡಕ. ಅವನಿಗೂ ಗಾಳದ ಹುಚ್ಚಿದೆ ಎಂದು ತಿಳಿದದ್ದು ಅದೇ ಫೋನಿನಲ್ಲಿ. "ಚಿಕ್ಕಳಿಯಂದ್ರೂ ಬರ್ತಾರೆ. ಬೆಂಗಳೂರಿಂದ ಏನೋ ಹೊಸ ಸಾಮಾನು ತಂದಿದಾರಂತೆ," ಎಂದಿದ್ದರು ಮಾವ. ಆ 'ಹೊಸ ಸಾಮಾನು' ಅಂದಿನಿಂದ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು.

ತಳಕಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಅಲ್ಲಿಂದ ಮುಂದೆ ಎರಡೂ ಕಡೆ ಶೇಂಗಾ ಹೊಲ. ಮಳೆ ಕಂಡ ವರ್ಷವಾದ್ದರಿಂದ ಬಳ್ಳಿ ಹಸಿರಾಗಿ ಹರಡಿತ್ತು. ಬಿ.ಜಿ. ಕೆರೆಯ ಹತ್ತಿರ ಕುರಿಮಂದೆ ರಸ್ತೆಯ ತುಂಬ ಹರಡಿಕೊಂಡು, ಡ್ರೈವರು ಹಾರನ್ ಬಾರಿಸಿ ಸೋತು, ಕೊನೆಗೆ ಬೀಡಿ ಹಚ್ಚಿ ಕೂತ. ಹಾನಗಲ್ಲು ದಾಟುತ್ತಿದ್ದಂತೆ ಬಂಡೆಗಳ ಮೇಲೆ ಬಂಡೆ ಪೇರಿಸಿದ ಬೆಟ್ಟಗಳು ಶುರುವಾದವು. ಸಂಜೆ ಊರಿಗಿಳಿದಾಗ ಮಗ್ಗದ ಸದ್ದು ಬೀದಿಯ ಎರಡೂ ಕಡೆಯಿಂದ ಬರುತ್ತಿತ್ತು. ಮಾವನ ಮನೆಯ ಮುಂದೆ ಕೆಂಪು ಬೈಕು ನಿಂತಿತ್ತು.

ಒಳಗೆ ಹೋದರೆ ಮಾವ ಮಗ್ಗದ ಗುಂಡಿಯಿಂದ ಎದ್ದು ಬಂದು ಚಾಪೆಯ ಮೇಲೆ ಕೂತಿದ್ದಾರೆ. ಹೊಸ ಸೀರೆಯ ವಿನ್ಯಾಸ ಬಂದಾಗ ಮಾತ್ರ ಹಾಕಿಕೊಳ್ಳುವ ಕನ್ನಡಕವನ್ನು ಹಾಕಿಕೊಂಡು, ಪ್ರಭಾಕರನ ಡಬ್ಬಿಯೊಳಗೆ ಬಗ್ಗಿದ್ದಾರೆ. ಡಬ್ಬಿಯಲ್ಲಿ ಸಣ್ಣ ಸಣ್ಣ ಮನೆಗಳು. ಒಂದೊಂದರಲ್ಲಿ ಒಂದೊಂದು ಪ್ರಾಣಿ. ರಬ್ಬರ್ ಕಪ್ಪೆ, ಮರದ ಮೀನು, ಹೊಳೆಯುವ ತಗಡಿನ ಚಮಚ. ಪಕ್ಕದಲ್ಲಿ ಕಪ್ಪು ಕೋಲು, ಅದಕ್ಕೆ ತಿರುಗಿಸುವ ರಾಟೆ.

"ಬನ್ನಿ ಅಣ್ಣಾರೇ," ಎಂದು ಅವನು ಎದ್ದು ನಿಂತು, ನನ್ನ ಕೈಚೀಲ ಇಸಿದುಕೊಂಡ. "ನಿಮ್ಮ ಗಾಳದ ಕಥೆಗಳನ್ನೆಲ್ಲ ಲತಾ ಹೇಳ್ಯಾಳೆ. ಕಲಿಯೋಣಾಂತ ಬಂದಿದೀನಿ."

ಸೊಕ್ಕಿನವನಾಗಿದ್ದರೆ ಎಷ್ಟು ಸುಲಭವಿತ್ತು! ಇವನೋ ವಿನಯವಂತ. ಹೊಟ್ಟೆ ಉರಿದುಕೊಳ್ಳುವುದಕ್ಕೂ ಒಂದು ನೆವ ಬೇಡವೆ?

"ನೋಡ್ರೀ ಅಳಿಯಂದ್ರೇ," ಎಂದರು ಮಾವ ನನಗೆ, ಕಪ್ಪೆಯನ್ನು ಎತ್ತಿ ಹಿಡಿದು. "ಹೊಟ್ಟೆ ಕೆಳಗೆ ಕೊಕ್ಕೆ ಮುಚ್ಚಿಟ್ಟಾನೆ ಪುಣ್ಯಾತ್ಮ. ಜೊಂಡಿನಾಗೆ ಎಸೆದ್ರೂ ಸಿಕ್ಕಾಕ್ಕೊಳ್ಳಲ್ಲ. ಏಮಿ ತೆಲಿವಿ!" ಮಾವನಿಗೆ ಬಹಳ ಖುಷಿಯಾದಾಗ ಮಾತು ತೆಲುಗಿಗೆ ಜಾರುತ್ತದೆ. ನನ್ನ ಯಾವ ಗಾಳಕ್ಕೂ ಅದು ಜಾರಿದ್ದು ನೆನಪಿಲ್ಲ.

ಮಾವನ ಮನೆಯ ಗಾಳದ ಕಸುಬೇ ಬೇರೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಹಾಗೆಯೇ ಕೊಕ್ಕೆಗೂ ರೇಷ್ಮೆ ಕುಚ್ಚು ಕಟ್ಟುತ್ತಾರೆ. ಮಗ್ಗದಲ್ಲಿ ಉಳಿದ ಚೂರುಪಾರು ನೂಲೇ ಬಂಡವಾಳ. ನೀರು ತಿಳಿಯಾಗಿ ಬಿಸಿಲಿದ್ದರೆ ಜರಿಯ ಕುಚ್ಚು, ಮರಿಮೀನಿನ ಹಾಗೆ ಮಿಂಚಲಿ ಎಂದು. ಮೋಡ ಕವಿದರೆ ಕಪ್ಪು. ಕೆಳಗಿನಿಂದ ನೋಡುವ ಮೀನಿಗೆ ಆಕಾಶದೆದುರು ಕಪ್ಪೇ ಎದ್ದು ಕಾಣುತ್ತದೆ. ಹೊಸ ನೀರು ಬಂದು ಕೆಂಪಗೆ ಕದಡಿದ್ದರೆ ಅರಿಶಿನದ ಹಳದಿ. ಇದೆಲ್ಲ ನನಗೆ ಮಾವನೇ ಕಲಿಸಿದ್ದು.

ಭಾನುವಾರ ಬೆಳಿಗ್ಗೆ ಮೊದಲ ಏಟು ಬಿತ್ತು. ಮಾವ ಪ್ರಭಾಕರನ ಬೈಕಿನ ಹಿಂದೆ ಹತ್ತಿ ಕೂತರು. ಬೇರೆ ವರ್ಷಗಳಲ್ಲಿ ನಾವಿಬ್ಬರೂ ಲಗೇಜ್ ಆಟೋದಲ್ಲಿ ಕಾಲು ಇಳಿಬಿಟ್ಟು ಮಾತಾಡುತ್ತಾ ಹೋಗುತ್ತಿದ್ದೆವು. "ನೀವು ಆಟೋದಾಗೆ ಬನ್ನಿ, ನಾವು ಮುಂದೆ ಹೋಗಿ ಜಾಗ ನೋಡಿರ್ತೀವಿ," ಎಂದು ಕೈ ಬೀಸಿ ಹೊರಟೇ ಬಿಟ್ಟರು, ಮದುವೆ ಗಂಡಿನ ಹಾಗೆ.

ಮನೆಯಲ್ಲಿ ನನಗೆ ಕಟ್ಟಿಟ್ಟಿದ್ದ ಕುಚ್ಚುಗಳು ಇದ್ದವು. ಆದರೆ ಅವನ ಡಬ್ಬಿಯೆದುರು ಅವು ಬಡಕಲಾಗಿ ಕಂಡವು. ಮಗ್ಗದ ಕೋಣೆಗೆ ನುಗ್ಗಿದೆ. ಬೆಳಕಿಂಡಿಯ ಬಿಸಿಲಲ್ಲಿ ಗಿಳಿ ಹಸಿರಿನ ನೂಲಿನ ಒಂದು ಹಿಡಿ ಮೂಲೆಯಲ್ಲಿ ಹೊಳೆಯುತ್ತಿತ್ತು. ಎಳೆಯ ಹಸಿರುಗಪ್ಪೆಯ ಬಣ್ಣ. ಅವನ ಕಪ್ಪೆ ಸತ್ತ ರಬ್ಬರು, ನನ್ನದು ಜೀವಂತ ರೇಷ್ಮೆ ಎಂದುಕೊಂಡು ದಪ್ಪನೆಯ ಕುಚ್ಚು ಕಟ್ಟಿದೆ. ನೂಲು ಗಟ್ಟಿಯಾಗಿ, ನೆಟ್ಟಗೆ ನಿಂತಿತು. ನನಗೇ ನನ್ನ ಕೈ ಮೆಚ್ಚಿಕೆಯಾಯಿತು.

ಆಟೋದಲ್ಲಿ ಶೇಂಗಾ ಚೀಲದ ಮೇಲೆ ಕುಲುಕುತ್ತಾ ಹೋಗಿ ಇಳಿದರೆ ಎದುರಿಗೆ ನೀರು. ಎರಡು ಬೆಟ್ಟಗಳ ನಡುವೆ ಕಟ್ಟೆ, ಹಿಂದೆ ನೀಲಿಯಾಗಿ ಹರಡಿದ ಜಲರಾಶಿ, ದಡದುದ್ದಕ್ಕೂ ಜೊಂಡು, ಅರ್ಧ ಮುಳುಗಿದ ಜಾಲಿ ಮರಗಳು. ನನ್ನ ಹಳೆಯ ಜಾಗದಲ್ಲಿ, ಮಾವನ ಬಲಗಡೆಯ ಚಪ್ಪಟೆ ಬಂಡೆಯ ಮೇಲೆ, ಪ್ರಭಾಕರ ನಿಂತಿದ್ದ.

"ಅಣ್ಣಾ, ಇಲ್ಲಿ ಬನ್ನಿ, ನಾನು ಆ ಕಡೆ ಹೋಗ್ತೀನಿ," ಎಂದ.

"ಬೇಡ ಬೇಡ. ನನಗೆ ಎಲ್ಲಾದ್ರೂ ಆಗುತ್ತೆ," ಎಂದು ನಾನು ಸ್ವಲ್ಪ ದೂರದ ಇನ್ನೊಂದು ಬಂಡೆ ಹತ್ತಿದೆ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

ನೀರು ತಿಳಿಯಾಗಿತ್ತು, ಬಿಸಿಲು ಚುರುಕಾಗಿತ್ತು. ಪ್ರಭಾಕರ ತಗಡಿನ ಚಮಚ ಎಸೆದು ರಾಟೆ ತಿರುಗಿಸತೊಡಗಿದ. ಮಾವ ಜರಿಯ ಕುಚ್ಚು ಹಾಕಿ, "ಅಳಿಯಂದ್ರೇ, ಜರಿ ಕಟ್ರಿ ಇವತ್ತು," ಎಂದರು. ನನಗೂ ಗೊತ್ತಿತ್ತು. ಆದರೆ ಅವನದೂ ಮಿಂಚುತ್ತಿದೆ, ನನ್ನದೂ ಮಿಂಚಿದರೆ ನಾನು ಅವನನ್ನು ನೋಡಿ ಕಟ್ಟಿದೆ ಅಂದಾರು. ಹಸಿರನ್ನೇ ಎಸೆದೆ. ಬಿಸಿಲೇರಿತು. ಮಾವನಿಗೆ ಒಂದು ಕೊರಮೀನು ಕಚ್ಚಿ ತಪ್ಪಿಸಿಕೊಂಡಿತು. ನನ್ನ ಕಣ್ಣು ನೀರಿನ ಮೇಲಿರಲಿಲ್ಲ, ಅವನ ಡಬ್ಬಿಯ ಮೇಲಿತ್ತು.

ಹೊತ್ತೇರುವಾಗ ಆಂಧ್ರದ ಕಡೆಯಿಂದ ಮೋಡ ಬಂದು ನೀರಿನ ಬಣ್ಣ ಸೀಸದಂತಾಯಿತು. ತಣ್ಣನೆ ಗಾಳಿ. ಮಾವ ಜರಿ ಬಿಚ್ಚಿ ಕಪ್ಪು ಕುಚ್ಚು ಕಟ್ಟಿದರು. ಪ್ರಭಾಕರ ಕರಿ ಕಪ್ಪೆ ತೆಗೆದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಚೀಲದಲ್ಲೂ ಕಪ್ಪು ಕುಚ್ಚು ಇತ್ತು. ನಾನು ಹಸಿರಿನಲ್ಲೇ ನಿಂತೆ.

ಆಗ ನನ್ನ ಗಾಳದ ಸುತ್ತ ನೀರು ಕುದಿಯುವ ಹಾಗೆ ಕಂಡಿತು. ಬೆರಳುದ್ದದ ನೂರಾರು ಮರಿಮೀನು! ಕುಚ್ಚನ್ನು ಮುತ್ತಿ, ಚುಚ್ಚಿ, ಒದ್ದಾಡುತ್ತಿದ್ದವು. "ಬಂತು, ಬಂತು!" ಎಂದು ಕೂಗಿದೆ. ಮಾವ ಬಂದು, ದಾರ ಎತ್ತಿಸಿ, ನೆನೆದು ಜೋತುಬಿದ್ದ ಕುಚ್ಚನ್ನು ಬೆರಳಿನಿಂದ ಉಜ್ಜಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು.

"ಈ ನೂಲು ಎಲ್ಲಿಂದ ತಂದ್ರಿ?"

"ಮಗ್ಗದ ಮೂಲೆಯಾಗೆ ಇತ್ತು."

"ಅಯ್ಯೋ ದೇವ್ರೇ! ಅದು ಹಾಸಿನ ನೂಲು ಕಣ್ರೀ. ಹಾಸು ಬಿಗಿಯಾಗಿ ನಿಲ್ಲಲೀಂತ ಅಕ್ಕಿ ಗಂಜಿ ಕುಡಿಸಿರ್ತೀವಿ. ಕುಚ್ಚಿಗೆ ಯಾವತ್ತೂ ಗಂಜಿ ಮುಟ್ಟಿಸದ ಹೊಕ್ಕಿನ ನೂಲು. ಇಷ್ಟು ವರ್ಷ ನಮ್ಮ ಮನೆ ಅಳಿಯ ಆಗಿ..." ಎಂದವರು ಮುಗಿಸಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮರಿಮೀನಿಗೆ ಗಂಜಿ ಊಟ ಹಾಕ್ಸಿದೀರಿ!"

ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಪ್ರಭಾಕರ ನಗಲಿಲ್ಲ. ಅವನು ನೀರನ್ನೇ ನೋಡುತ್ತಿದ್ದ. "ಅಣ್ಣಾ, ಮರಿ ಸೇರಿರೋ ಕಡೆ ದೊಡ್ಡದು ಬಂದೇ ಬರ್ತದೆ. ಒಂದ್ಸಲ ಇಲ್ಲಿ ಎಸೀಲಾ?"

ನೀರು ನಮ್ಮಪ್ಪನದಲ್ಲ. "ಎಸಿಯಪ್ಪ," ಎಂದೆ.

ಕರಿ ಕಪ್ಪೆ ಜೊಂಡಿನ ಅಂಚಿಗೆ ಬಿದ್ದು, ಒಮ್ಮೆ ಕುಪ್ಪಳಿಸಿತು, ಎರಡನೆಯ ಸಲ ಕುಪ್ಪಳಿಸಿತು. ಮೂರನೆಯದಕ್ಕೆ ನೀರು ಬಾಯಿ ತೆರೆದಂತಾಯಿತು. ಕೋಲು ಬಿಲ್ಲಿನಂತೆ ಬಾಗಿ, ರಾಟೆ ಕಿರ್ರೆಂದು ಕೂಗಿತು. ಮಾವ ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು, "ಒದಲೊದ್ದು! ಒದಲೊದ್ದು! ಬಿಡಬೇಡ್ರೀ!" ಎಂದು ಕೂಗುತ್ತಿದ್ದರು. ದಡಕ್ಕೆ ಬಂದು ಬಿದ್ದದ್ದು ನನ್ನ ತೋಳಿನಷ್ಟು ಉದ್ದದ ಕೊರಮೀನು. ಅಷ್ಟು ದೊಡ್ಡದನ್ನು ನಾನು ಯಾವ ವರ್ಷವೂ ಹಿಡಿದಿರಲಿಲ್ಲ.

"ಇದು ಅಣ್ಣನ ಮೀನು ಮಾವ," ಎಂದ ಪ್ರಭಾಕರ ಏದುಸಿರಿನಲ್ಲಿ. "ಅವರು ಕರೆಸಿದ್ದು, ನಾನು ಹಿಡಿದೆ ಅಷ್ಟೆ."

ನನ್ನ ಮನಸ್ಸಿನಲ್ಲಿದ್ದ ಮಾತೂ ಅದೇ. ಆದರೆ ಅವನ ಬಾಯಲ್ಲಿ ಬಂದಾಗ ದಾನದ ಹಾಗೆ ಕೇಳಿಸಿತು. ಮಾವ ಮಾತ್ರ ಪದ್ಧತಿ ಬಿಡುವವರಲ್ಲ. ಮೀನಿನ ಬಾಯಿ ಬಿಡಿಸಿ ಕಪ್ಪೆಯನ್ನು ತೋರಿಸಿದರು. "ಯಾರ ಕೊಕ್ಕೆ ಬಾಯಾಗೆ ಐತೋ, ಅವರದೇ ತಲೆ."

ಅದಾದ ಮೇಲೂ ಎಸೆದೆ. ಕಪ್ಪು ಕಟ್ಟಿದೆ, ಜರಿ ಕಟ್ಟಿದೆ, ಹಳದಿಯನ್ನೂ ಕಟ್ಟಿದೆ. ಒಂದೂ ಕಚ್ಚಲಿಲ್ಲ. ಹಿಂದಿರುಗುವಾಗ ಆಟೋದಲ್ಲಿ ನನ್ನ ಜೊತೆ ಮೀನನ್ನೂ ಕಳಿಸಿದರು. ದಾರಿಯುದ್ದಕ್ಕೂ ಅದು ಚೀಲದಿಂದ ಬಾಲ ಚಾಚಿ ನನ್ನ ಕಾಲಿಗೆ ತಾಗುತ್ತಿತ್ತು.

"ಭಾರೀ ಹಿಡಿದ್ರಲ್ಲ ಅಣ್ಣಾ!" ಎಂದ ಆಟೋದವನು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಅತ್ತೆ ಹುಣಿಸೆಹುಳಿ ಹಿಂಡಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಸಾರು ಕುದಿಸಿದರು. ಮುದ್ದೆಯ ಬಿಸಿ ಆರುವ ಮೊದಲೇ ಸಾಲಾಗಿ ಕೂತೆವು. ಅತ್ತೆ ಎರಡೂ ಕೈಯಲ್ಲಿ ಸೌಟು ಹಿಡಿದು ಬಂದರು. ನನ್ನ ತಟ್ಟೆಯ ಮುಂದೆ ಅಭ್ಯಾಸದಿಂದ ಒಂದು ಗಳಿಗೆ ನಿಂತರು. ಮಾವ ಕೆಮ್ಮಿದರು. ಅತ್ತೆ ಮುಂದೆ ಹೋಗಿ ತಲೆಯನ್ನು ಪ್ರಭಾಕರನ ತಟ್ಟೆಗೆ ಇಳಿಸಿದರು. ಸರೋಜ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಲ್ಲೇ ಅವಳಿಗೆ ಎಲ್ಲ ಗೊತ್ತಿದೆ ಅನ್ನಿಸಿತು.

ಪ್ರಭಾಕರ ತಲೆಯನ್ನೇ ನೋಡುತ್ತಾ ಕೂತ. ಮುದ್ದೆ ಮುರಿದ, ನುಂಗಲಿಲ್ಲ. ಕೊನೆಗೆ ನನ್ನ ಕಡೆ ಬಗ್ಗಿ, ಎಲ್ಲರಿಗೂ ಕೇಳುವಂಥ ಪಿಸುಮಾತಿನಲ್ಲಿ, "ಅಣ್ಣಾ, ಇದು ನನ್ನೇ ನೋಡ್ತೈತೆ. ನಮ್ಮನೆಯಾಗೆ ತಲೆ ತೆಗೆದೇ ಮಾಡ್ತಾರೆ. ಕಣ್ಣಿದ್ರೆ ನಂಗೆ ಆಗಲ್ಲ. ನೀವೇ ತಿಂದ್ಬಿಡ್ರಿ," ಎಂದ.

ಲತಾ ಕಿಸಕ್ಕನೆ ನಕ್ಕಳು. ನಾನು ಮಾವನ ಮುಖ ನೋಡಿದೆ. ಬೇಡ ಎಂದರೆ ಹಟ, ಬೇಕು ಎಂದರೆ ಆಸೆಬುರುಕತನ.

"ತಲೆ ಅವರದು," ಎಂದರು ಮಾವ ಮೂಳೆ ಬಿಡಿಸುತ್ತಾ. "ಅವರು ಯಾರಿಗೆ ಕೊಡ್ತಾರೋ ಅವರ ಇಷ್ಟ. ಆರೋಗ್ತದೆ, ಬೇಗ ತಿನ್ರಿ."

ಷಡ್ಡಕನ ತಟ್ಟೆಯಿಂದ ತಲೆ ನನ್ನ ತಟ್ಟೆಗೆ ಬಂತು. ಕೆನ್ನೆಯ ಮಾಂಸ ಬಿಡಿಸಿದೆ, ದವಡೆ ಚೀಪಿದೆ, ನೆತ್ತಿಯ ಮೂಳೆ ಒಡೆದೆ. ಸಪ್ಪೆಯಾಗಿರಬಾರದೆ ಎಂದು ಒಳಗೊಳಗೇ ಬೇಡಿಕೊಂಡೆ. ಅಷ್ಟು ರುಚಿಯಾದ ತಲೆಯನ್ನು ನಾನು ಆ ಮನೆಯಲ್ಲಿ ಅದುವರೆಗೆ ತಿಂದಿರಲಿಲ್ಲ. ಏನನ್ನೂ ಬಿಡಲಿಲ್ಲ. ಪ್ರಭಾಕರ ನೆಮ್ಮದಿಯಿಂದ ಬಾಲದ ತುಂಡು ತಿನ್ನುತ್ತಿದ್ದ.

ಸಂಜೆ ಚಳ್ಳಕೆರೆಯ ಬಸ್ಸಿಗೆ ಹತ್ತಿದೆವು. ಸೋಮವಾರ ಗಿರಣಿಯಿದೆ, ಅಂಗಡಿಯವನಿಗೇನು, ಇನ್ನೊಂದು ದಿನ ಉಳಿಯುತ್ತಾನೆ. ಮಾವ, ಪ್ರಭಾಕರ ಇಬ್ಬರೂ ಬಸ್ ನಿಲ್ದಾಣಕ್ಕೆ ಕಳಿಸಲು ಬಂದಿದ್ದರು, ಆ ಕಪ್ಪು ಕೋಲು ಸಮೇತ. ಯಾಕೆಂದು ನನಗೆ ಆಗ ತಿಳಿಯಲಿಲ್ಲ. "ಅಣ್ಣಾ, ಮುಂದಿನ ಸಲ ಕುಚ್ಚು ಕಟ್ಟೋದು ಹೇಳಿಕೊಡ್ರಿ," ಎಂದ ಪ್ರಭಾಕರ ಕಿಟಕಿಯ ಕೆಳಗೆ ನಿಂತು. "ಹೊಕ್ಕಿನ ನೂಲಿಂದ," ಎಂದು ಮಾವ ಸೇರಿಸಿದರು.

ಬಸ್ಸು ಹೊರಟಿತು. ಸರೋಜ ಕೇಳಿದಳು: "ಯಾಕ್ರೀ ಮುಖ ಹಂಗೆ ಮಾಡಿದೀರಿ? ತಲೆ ಜಾಸ್ತಿ ಆಯ್ತಾ?"

"ಖಾರ ಜಾಸ್ತಿ ಇತ್ತು."

"ಅವ್ವ ಖಾರ ಹಾಕಿದ್ಳೋ, ನೀವೇ ತುಂಬ್ಕೊಂಡು ಬಂದಿದ್ರೋ," ಎಂದು ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದಳು.

ನಾನು ಹಿಂದಕ್ಕೆ ತಿರುಗಿ ಬಸ್ಸಿನ ಹಿಂಬದಿಯ ಗಾಜಿನಲ್ಲಿ ನೋಡಿದೆ. ನಿಲ್ದಾಣದ ಬಯಲಿನಲ್ಲಿ ಪ್ರಭಾಕರ ಮಾವನ ಕೈಗೆ ಕೋಲು ಕೊಟ್ಟು, ಹಿಂದಿನಿಂದ ಮೊಣಕೈ ಹಿಡಿದು ತೋರಿಸುತ್ತಿದ್ದ. ಮಾವ ಕಾಲು ಅಗಲಿಸಿ ನಿಂತು, ಹೊರಟ ನಮ್ಮ ಬಸ್ಸಿಗೇ ಗುರಿಯಿಟ್ಟು ಎಸೆದರು. ಕಪ್ಪೆ ಸಂಜೆಯ ಬಿಸಿಲಲ್ಲಿ ಹಾರಿ ಬಂದು, ಅರ್ಧ ದಾರಿಯಲ್ಲಿ ಧೂಳಿಗೆ ಬಿದ್ದು ಕುಪ್ಪಳಿಸಿತು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ನಾನು ಎಸೆದಿದ್ದರೆ ಬಸ್ಸಿಗೆ ತಾಗುತ್ತಿತ್ತು.