ಕತ್ತರಿಸುವ ಮಷೀನು ಮತ್ತು ಅವ್ವನ ಕೈ

ಬಸುರಿಯರ ಕುಬಸಕ್ಕೆ, ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಗೋಡೆ ಅಲಂಕರಿಸಿ ಕೊಡುವುದು ನನ್ನ ಉದ್ಯೋಗ. ನಿಪ್ಪಾಣಿಯ ನಮ್ಮ ಮನೆಯಲ್ಲಿ ಬಂಗಾರದ ಬಣ್ಣದ ದಪ್ಪ ಹಾಳೆಯ ಮೇಲೆ ಅಕ್ಷರ, ಹೂವು, ತೊಟ್ಟಿಲು ಬರೆಯುವವಳು ನಾನು, ಕತ್ತರಿಸುವವಳು ಅವ್ವ. ತಗಡಿನ ಅಚ್ಚಿಟ್ಟು ಬೀಡಿ ಎಲೆ ಕತ್ತರಿಸುತ್ತಲೇ ಅವಳ ಆಯುಷ್ಯ ಸವೆದಿತ್ತು. ಬೀಡಿ ಬಿಟ್ಟರೂ ಕತ್ತರಿ ಬಿಡಲಿಲ್ಲ. ಅವಳ ಕೈಗೆ ಮರಾಠಿ ಅಕ್ಷರವೂ ಒಂದೇ, ಕನ್ನಡದ್ದೂ ಒಂದೇ. ಓದಲು ಎರಡೂ ಬರುತ್ತಿರಲಿಲ್ಲ.

ಚಿಕ್ಕೋಡಿಯಲ್ಲಿ ಲಗ್ನಪತ್ರಿಕೆ ಛಾಪಿಸುವ ಅಂಗಡಿಯಲ್ಲಿ ಹಾಳೆ ಕತ್ತರಿಸುವ ಮಷೀನು ನೋಡಿ ಬಂದ ಮೇಲೆ ನನಗೆ ಅದರದೇ ಹುಚ್ಚು ಹಿಡಿಯಿತು. ಮೊಬೈಲಿನಿಂದ ಚಿತ್ರ ಕಳಿಸಿದರೆ ಸಾಕು, ಒಳಗಿನ ಸಣ್ಣ ಬ್ಲೇಡು ಸರಸರ ಓಡಾಡಿ ಕತ್ತರಿಸಿಬಿಡುತ್ತದೆ. ಆದರೆ ನನ್ನೆದುರೇ ಒಂದು ಕನ್ನಡ ಹೆಸರು ಹಾಕಿದಾಗ ಒತ್ತಕ್ಷರಗಳೆಲ್ಲ ಬೇರೆಯಾಗಿ ಉದುರಿದವು. "ಅವನ್ನ ಜೋಡಸೂದು ಕಲೀಬೇಕ್ರಿ ಅಕ್ಕಾರ" ಎಂದ ಅಂಗಡಿಯವನು. ಹಾಳೆ ಅಂಟಿಸುವ ಮ್ಯಾಟು ಸವೆಯುತ್ತದೆ, ಬ್ಲೇಡು ಮೊಂಡಾಗುತ್ತದೆ, ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರಿಲ್ಲ.

ಮನೆಯಲ್ಲಿ ಮಾತೆತ್ತಿದರೆ ಅವ್ವ ಸಿಡಿಯುತ್ತಿದ್ದಳು. "ಯಾಕ, ನನ್ನ ಕೈ ಬಿದ್ದ ಹೋಗ್ಯಾವೇನ? ಕೂತ ತಿನ್ನಾಕ ನಾ ಯಾರ ಮನಿ ಬೀಗತಿ?"

ದುಡಿಯದ ಮುದುಕಿಯರನ್ನು ಓಣಿಯ ಮನೆಗಳು ಹೇಗೆ ನಡೆಸಿಕೊಳ್ಳುತ್ತವೆಂದು ಅವಳು ಕಂಡಿದ್ದಳು. ಮಷೀನು ಬಂದರೆ ಅವಳಿಗೆ ಏನು ಉಳಿಯುತ್ತದೆ? ಅದೊಂದೇ ಕಾರಣಕ್ಕೆ ನಾನು ಮುಂದೂಡುತ್ತ ಬಂದೆ.

ಹೋದ ವರ್ಷ ರಾಯಬಾಗದ ಕಡೆಯ ಒಂದು ಕುಬಸದ ಕೆಲಸ ಹಿಡಿದಿದ್ದೆ. ಕಾರ್ಯ ಮರುದಿನ. ಪೇಟೆಯಿಂದ ಅಂಟು ತಂದು ಒಳಗೆ ಕಾಲಿಟ್ಟರೆ, ಕತ್ತರಿಸಲು ಬರೆದಿಟ್ಟಿದ್ದ ಹಾಳೆಗಳಿಲ್ಲ. ಮೂಲೆಯಲ್ಲಿ ಒದ್ದೆ ಗೋಣಿತಟ್ಟಿನ ಗಂಟು. ಬಿಚ್ಚಿದೆ. ಬಂಗಾರದ ಪುಡಿ ಕಿತ್ತುಬಂದು ಮೊಣಕೈತನಕ ಅಂಟಿತು. ಹಾಳೆ ನಾದಿದ ಹಿಟ್ಟಿನಂತೆ ಕೈಗೆ ಬಂತು.

"ಯವ್ವಾ, ಇದೇನ ಮಾಡೀದಿ!"

"ತೋಸಿಟ್ಟೀನಿ. ಒಣ ಎಲಿ ಕತ್ತರಸಿದ್ರ ಸೀಳತಾವ. ಮುಂಜಾನೆ ಮೆತ್ತಗಾಗಿರ್ತಾವ ನೋಡು."

ಬೀಡಿ ಎಲೆಯನ್ನು ಹಿಂದಿನ ಸಂಜೆ ತೋಯಿಸಿ ಗೋಣಿಯಲ್ಲಿ ಸುತ್ತಿಡುವುದು ಈ ಊರಿನ ಮನೆಮನೆಯ ರೂಢಿ. ಅವ್ವ ಅದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ನೆತ್ತಿಗೇರಿದ ನನ್ನ ಸಿಟ್ಟು ಅವಳ ಮುಖ ನೋಡಿ ಇಳಿದುಹೋಯಿತು. ಅಲ್ಲಿ ತಪ್ಪು ಮಾಡಿದ ಅಳುಕಿರಲಿಲ್ಲ, ಕೆಲಸ ಮುಗಿಸಿದ ಸಮಾಧಾನವಿತ್ತು. ನನಗೆ ಹೆದರಿಕೆಯಾಯಿತು.

ಮರೆವಿನ ಬೇನೆ, ಇನ್ನೂ ಹೆಚ್ಚುತ್ತ ಹೋಗುತ್ತದೆ ಎಂದರು ಡಾಕ್ಟರು. ಆಮೇಲೆ ಯೋಚಿಸುವುದೇನೂ ಉಳಿಯಲಿಲ್ಲ, ಮಷೀನು ತಂದೆ. ಈಗ ಯಾರಾದರೂ "ತಗೋಬಹುದೇನ್ರಿ, ಛಲೋ ಐತೇನ್ರಿ?" ಎಂದು ಕೇಳಿದರೆ ಛಲೋ ಐತಿ ಅನ್ನುತ್ತೇನೆ. ಸುಳ್ಳೇನಲ್ಲ. ಅವರು ಕೇಳುವುದು ಮಷೀನಿನ ವಿಚಾರ ಅಷ್ಟೇ.

ಮಷೀನು ತಂದ ದಿನ, ಅದು ತಾನಾಗಿಯೇ ಹೂವು ಕತ್ತರಿಸುವುದನ್ನು ಅವ್ವ ಮುಗಿಯುವ ತನಕ ಕೂತು ನೋಡಿದಳು. ಆಮೇಲೆ ಎದ್ದು ಸೀರೆ ಕೊಡವಿಕೊಂಡು, ಸೆರಗು ಹೊದ್ದು ಬಾಗಿಲ ಹತ್ತಿರ ನಿಂತಳು. ಅದು ಬೀಡಿ ಸುತ್ತಿ ಸುತ್ತಿ ಅವಳೇ ಕಟ್ಟಿಸಿದ ಮನೆ. ನಾನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು.

"ನಾಳಿಂದ ನಾ ಕೆಲಸಕ್ಕ ಬರೂದು ಬ್ಯಾಡೇನ್ರಿ ಬಾಯಾರ?" ಎಂದು ನನ್ನನ್ನು ಕೇಳಿದಳು.