ಬೇಕು, ಬೇಡ, ಸಾಕು

ದಸರಾ ರಜೆ ಮುಗಿದು ಶಾಲೆ ತೆರೆದ ವಾರದಲ್ಲೇ ಪಕ್ಕದ ಕಾಫಿ ತೋಟದಲ್ಲಿ ಆಳು, ಲೆಕ್ಕ ನೋಡಿಕೊಳ್ಳುವ ರೈಟರು ಜೀಪಿನಲ್ಲಿ ಇಬ್ಬರು ಮಕ್ಕಳನ್ನು ಕರೆತಂದು ನಮ್ಮ ಶಾಲೆಯ ಜಗುಲಿಯ ಮೇಲೆ ನಿಲ್ಲಿಸಿದರು. ಅಕ್ಕನಿಗೆ ಎಂಟು ವರ್ಷವಿದ್ದೀತು, ತಮ್ಮನಿಗೆ ಆರು. ಅಪ್ಪ ಅಮ್ಮ ಅಸ್ಸಾಮಿನಿಂದ ಕೊಯ್ಲಿನ ಕೆಲಸಕ್ಕೆ ಬಂದವರು. ಅವರಿಗೆ ಕೂಲಿಯವರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ಕೆಲಸದ ಹೊತ್ತಿನಲ್ಲಿ ಮಕ್ಕಳು ತೋಟದಲ್ಲಿ ಅಲೆಯುವುದು ಬೇಡವೆಂದು ಧಣಿಗಳು ಹೇಳಿದ್ದರಿಂದ ರೈಟರು ಇವರನ್ನು ಶಾಲೆಗೆ ತಂದಿದ್ದರು.

“ಕನ್ನಡ ಒಂದಕ್ಷರ ಬರಲ್ಲ ಮೇಡಂ ಇವ್ರಿಗೆ. ನೀವೇನೂ ತಲೆ ಕೆಡಿಸ್ಕೊಬೇಡಿ. ಮಧ್ಯಾಹ್ನ ಊಟ ಹಾಕ್ಸಿ, ಸುಮ್ನೆ ಕೂರ್ಸಿ. ಕೊಯ್ಲು ಮುಗಿದ್ರೆ ಹೋಗ್ತಾರೆ” ಎಂದರು.

ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ನನ್ನ ಕೆಲಸ ಹಗುರ ಮಾಡುತ್ತಿದ್ದೇನೆಂದೇ ತಿಳಿದಿದ್ದರು. ಆದರೆ ‘ಸುಮ್ನೆ ಕೂರ್ಸಿ’ ಎಂಬ ಮಾತು ನನಗೆ ಹಿಡಿಸಲಿಲ್ಲ. ನನ್ನ ಮನೆಮಾತು ತುಳು. ಒಂದನೇ ತರಗತಿಯಲ್ಲಿ ಟೀಚರ್ ಹೇಳಿದ್ದು ಅರ್ಥವಾಗದೆ, ಪಕ್ಕದ ಹುಡುಗಿ ಎದ್ದರೆ ಎದ್ದು, ಅವಳು ಕೂತರೆ ಕೂತು ಎಷ್ಟೋ ದಿನ ಕಳೆದವಳು ನಾನು. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿತ್ತು. ಕೊಯ್ಲು ಮುಗಿಯುವುದರೊಳಗೆ ಈ ಇಬ್ಬರೂ ಕನ್ನಡದಲ್ಲಿ ಜಗಳವಾಡುವಂತೆ ಮಾಡಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ನಮ್ಮದು ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಚಿಕ್ಕ ಸರ್ಕಾರಿ ಕನ್ನಡ ಶಾಲೆ. ಇರುವುದು ಎರಡು ಕೊಠಡಿ, ಮುಖ್ಯ ಶಿಕ್ಷಕರು ಮತ್ತು ನಾನು. ಅನುಕೂಲವಿದ್ದವರ ಮಕ್ಕಳು ಬೆಳಿಗ್ಗೆ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಉಳಿದವರು ನಮ್ಮಲ್ಲಿಗೆ ಬರುತ್ತಾರೆ.

ಮೊದಲ ದಿನ ಹುಡುಗಿ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ತಮ್ಮನ ಅಂಗಿಯ ತುದಿಯನ್ನು ಹಿಡಿದ ಕೈ ಬಿಡಲೇ ಇಲ್ಲ. ಅವನನ್ನು ಒಂದನೇ ತರಗತಿಯ ಸಾಲಿಗೆ ಕರೆದರೆ ತಾನೂ ಎದ್ದು ಹಿಂದೆ ಬಂದು ಕೂರುತ್ತಿದ್ದಳು. ನಾನು ಕರೆದಾಗೆಲ್ಲ ನನ್ನ ಮುಖ ನೋಡುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಎರಡನೆಯ ದಿನ ಊಟದ ಹೊತ್ತಿಗೆ ಮೊದಲ ಸಲ ಅವಳ ದನಿ ಕೇಳಿತು. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಅನ್ನದ ಪಾತ್ರೆ ಹಿಡಿದು ಬಂದಾಗ ಹುಡುಗಿ ತಟ್ಟೆ ಮುಂದೆ ಚಾಚಿ, ಅನ್ನದ ಕಡೆ ಬೆರಳು ತೋರಿಸಿ, “ಭಾತ್” ಎಂದಳು. ಎದುರು ಸಾಲಿನ ಹುಡುಗನೊಬ್ಬ ತಕ್ಷಣ, “ಮಿಸ್, ಅವ್ಳಿಗೆ ಕೇಸರಿಬಾತ್ ಬೇಕಂತೆ” ಎಂದ. ಇನ್ನೊಬ್ಬ “ನಂಗೆ ಖಾರಾಬಾತ್” ಎಂದ. ಇಡೀ ಜಗುಲಿ ನಕ್ಕಿತು. ಹುಡುಗಿಗೆ ಮಾತು ಅರ್ಥವಾಗಲಿಲ್ಲ, ನಗು ಅರ್ಥವಾಯಿತು. ತಟ್ಟೆಯನ್ನು ಕೆಳಗಿಟ್ಟು, ತಮ್ಮನನ್ನೂ ಎಬ್ಬಿಸಿಕೊಂಡು ನಲ್ಲಿಯ ಹತ್ತಿರ ಹೋಗಿ ನಿಂತಳು. ನಾನು ಹೋಗಿ ಕರೆದೆ, ಅಡುಗೆಯ ಅಕ್ಕ ಹೋಗಿ ಕರೆದಳು. ಬರಲಿಲ್ಲ. ಮಾರನೆಯ ದಿನ ಇಬ್ಬರೂ ಶಾಲೆಗೇ ಬರಲಿಲ್ಲ.

ಅವತ್ತು ಪಾಠ ಬದಿಗಿಟ್ಟು ಮಕ್ಕಳ ಜೊತೆ ಕೂತು ಮಾತನಾಡಿದೆ. “ಅವರ ಊರಲ್ಲಿ ಅನ್ನಕ್ಕೆ ಭಾತ್ ಅಂತಾರೆ. ಅವಳು ಸರಿಯಾಗೇ ಕೇಳಿದ್ಲು. ನಾಳೆ ನಿಮ್ಮನ್ನ ಅವಳ ಊರಿನ ಶಾಲೇಲಿ ಬಿಟ್ಟು ಬಂದ್ರೆ ನೀವು ಹೇಗೆ ಕೇಳ್ತೀರಿ?”

ಕೇಸರಿಬಾತ್ ಎಂದಿದ್ದ ಹುಡುಗ ಯೋಚಿಸಿದ. “ತಟ್ಟೆ ತೋರಿಸ್ತೀನಿ ಮಿಸ್.”

“ತೋರಿಸ್ದಾಗ ಎಲ್ರೂ ನಕ್ರೆ?”

ಅವನು ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳತೊಡಗಿದ. ಅಷ್ಟು ಸಾಕಿತ್ತು ನನಗೆ.

ಸಂಜೆ ಶಾಲೆ ಬಿಟ್ಟ ಮೇಲೆ ಅಡುಗೆಯ ಅಕ್ಕನನ್ನು ಜೊತೆ ಮಾಡಿಕೊಂಡು ಲೈನ್‌ಮನೆಗೆ ಹೋದೆ. ಹುಡುಗಿಯ ತಾಯಿ ಆಗಷ್ಟೇ ಕೆಲಸದಿಂದ ಬಂದು ಒಲೆ ಹಚ್ಚುತ್ತಿದ್ದಳು. ಇನ್ನೂ ತೀರಾ ಚಿಕ್ಕ ವಯಸ್ಸು. ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತಳು. ರೈಟರು ಅಲ್ಲೇ ಮರುದಿನದ ಕೆಲಸ ಹೇಳುತ್ತಿದ್ದರು. ಅವರ ಹಿಂದಿಯೂ ಆ ತಾಯಿಯ ಹಿಂದಿಯೂ ಹೇಗೋ ಒಂದಕ್ಕೊಂದು ಹೊಂದಿಕೊಂಡಿದ್ದವು. ಮಾತು ಅವರ ಮೂಲಕವೇ ನಡೆಯಿತು.

“ಮಗಳು ಹೋಗಲ್ಲ ಅಂತಾಳಂತೆ ಮೇಡಂ. ಎಲ್ರೂ ನಗ್ತಾರಂತೆ. ಇನ್ನೂ ನಗ್ತಾರಾ ಅಂತ ಕೇಳ್ತಿದಾಳೆ ಇವ್ಳು.”

ಇಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಆ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಇನ್ನೊಂದೆರಡು ದಿನ ನಗಬಹುದು. ನಾನು ಅಲ್ಲೇ ಇರ್ತೀನಿ. ಊಟಕ್ಕೆ ಅವಳ ಪಕ್ಕದಲ್ಲೇ ಕೂರ್ತೀನಿ ಅಂತ ಹೇಳಿ” ಎಂದೆ. ರೈಟರು ಹೇಳಿದರು. ತಾಯಿ ಒಳಗೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಅಂದಳು. ಬಾಗಿಲಿಗೆ ಕಟ್ಟಿದ್ದ ಸೀರೆಯ ಪರದೆಯ ಕೆಳಗೆ ಎರಡು ಪುಟ್ಟ ಕಾಲು ಮಾತ್ರ ಕಾಣುತ್ತಿದ್ದವು.

ಬೆಳಿಗ್ಗೆ ಇಬ್ಬರೂ ಬಂದರು.

ಭಾಷೆಯ ವಿಷಯದಲ್ಲಿ ಏನು ಮಾಡುವುದೆಂದು ನನಗೂ ಮೊದಲಿಗೆ ಸ್ಪಷ್ಟವಿರಲಿಲ್ಲ. ಮುಖ್ಯ ಶಿಕ್ಷಕರು ಹಿಂದಿಯಲ್ಲಿ ಹೇಳಿಕೊಡಿ ಎಂದರು. ನನ್ನ ಹಿಂದಿ ಪರೀಕ್ಷೆ ಪಾಸು ಮಾಡಿದಷ್ಟೇ. ಆ ಮಕ್ಕಳ ಹಿಂದಿಯೋ ಮೊಬೈಲಿನ ಕಾರ್ಟೂನಿನಿಂದ ಬಂದದ್ದು. ಆಗ ನಾಲ್ಕನೇ ತರಗತಿಯ ಒಬ್ಬಳು ನೆನಪಾದಳು. ಅವಳ ತಂದೆ ಬಸ್ ನಿಲ್ಲುವ ಜಾಗದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಮೆಕ್ಯಾನಿಕ್, ಮನೆಯಲ್ಲಿ ಉರ್ದು ಮಾತು. ಹೊಸ ಹುಡುಗಿಯ ಪಕ್ಕ ಅವಳನ್ನು ಕೂರಿಸಿದೆ. ಅವಳ ಉರ್ದುವೂ ಇವರ ಹಿಂದಿಯೂ ಹತ್ತಿರವಿದ್ದುದರಿಂದ ಕೆಲಸ ಸಲೀಸಾಯಿತು. ನಾನು ಹೇಳಿದ್ದನ್ನು ಅವಳು ಹೇಳುತ್ತಿದ್ದಳು, ಅವರು ಪಿಸುಗುಟ್ಟಿದ್ದನ್ನು ಅವಳೇ ನನಗೆ ಮುಟ್ಟಿಸುತ್ತಿದ್ದಳು. ನೀರು ಬೇಕಾದರೂ ಅವಳ ಕಿವಿ, ಹೊರಗೆ ಹೋಗಬೇಕಾದರೂ ಅವಳ ಕಿವಿ.

ಸ್ವಲ್ಪ ದಿನವಾದ ಮೇಲೆ ಆಟದ ಹೊತ್ತಿನಲ್ಲಿ ಮೆಕ್ಯಾನಿಕ್‌ನ ಮಗಳು ನನ್ನ ಹತ್ತಿರ ಬಂದು ನಿಂತಳು. “ಮಿಸ್, ಒಂದು ಹೇಳ್ಲಾ? ನಂಗೂ ಆಟ ಆಡ್ಬೇಕು. ಅವ್ರು ನನ್ನ ಬಿಡೋದೇ ಇಲ್ಲ.”

ಅವಳು ಹೇಳಿದ ಮೇಲೆ ನೋಡಿದೆ. ಹೊಸ ಹುಡುಗಿ ಇವಳ ಬೆನ್ನಿಗೇ ನಿಂತಿದ್ದಳು. ಇಷ್ಟು ದಿನವಾದರೂ ಕನ್ನಡದ ಒಂದು ಪದವನ್ನೂ ಅವಳು ಆಡಿರಲಿಲ್ಲ. ಆಡಬೇಕಾದ ಅಗತ್ಯವೇ ಬಿದ್ದಿರಲಿಲ್ಲ. ಅವಳ ಪಾಲಿನ ಕನ್ನಡವನ್ನೆಲ್ಲ ಇನ್ನೊಬ್ಬಳು ಹೊತ್ತು ಬಳಲಿದ್ದಳು.

“ನಾಳೆಯಿಂದ ನೀನು ಆಟ ಆಡು” ಎಂದೆ.

ಮಾರನೆಯ ದಿನದಿಂದ ನನ್ನದು ಒಂದೇ ನಿಯಮ. ಶಾಲೆಯೊಳಗೆ ನನ್ನಿಂದ ಬರೀ ಕನ್ನಡ. ಆದರೆ ನಿಧಾನ, ಕೈಸನ್ನೆಯ ಜೊತೆ, ದಿನವೂ ಅದೇ ಕೆಲಸಕ್ಕೆ ಅದೇ ಮಾತು. ಅಕ್ಕ, ತಮ್ಮ ಇಬ್ಬರೂ ತಮ್ಮೊಳಗೆ ಯಾವ ಭಾಷೆಯಲ್ಲಿ ಮಾತನಾಡಿದರೂ ತಡೆಯುವಂತಿಲ್ಲ. ಅದನ್ನು ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು? ಇನ್ನು ಬಾಯಿ ಬಿಡಲೇಬೇಕಾದಂಥ ಒಂದು ಕೆಲಸ ಅವಳಿಗೆ ಬೇಕಿತ್ತು. ಬೆಳಗಿನ ಹಾಲು ಹಂಚುವ ಕೆಲಸವನ್ನು ಅವಳಿಗೆ ಕೊಟ್ಟೆ.

ಮೊದಲ ದಿನ ಜಗ್ಗನ್ನು ನಾನು ಹಿಡಿದುಕೊಂಡೆ, ಲೋಟಗಳ ತಟ್ಟೆ ಅವಳ ಕೈಯಲ್ಲಿ. ಪ್ರತಿ ಮಗುವಿನ ಮುಂದೆಯೂ ನಿಂತು, “ಹಾಲು ಬೇಕಾ?” ಎಂದು ಕೇಳುತ್ತಿದ್ದೆ. ಉತ್ತರ ಬಾರದೆ ಸುರಿಯುತ್ತಿರಲಿಲ್ಲ. ಒಬ್ಬ ಬೇಕು ಎನ್ನುತ್ತಿದ್ದ, ಇನ್ನೊಬ್ಬಳು ಬೇಡ ಎನ್ನುತ್ತಿದ್ದಳು, ಲೋಟ ತುಂಬುತ್ತಾ ಬಂದಾಗ ಮತ್ತೊಬ್ಬ ಸಾಕು ಎನ್ನುತ್ತಿದ್ದ. ಬೇಕು, ಬೇಡ, ಸಾಕು. ಈ ಮೂರು ಬಂದರೆ ಮಗುವಿನ ಅರ್ಧ ದಿನ ನಡೆದುಹೋಗುತ್ತದೆ. ಮಿಕ್ಕ ಕನ್ನಡ ಆಮೇಲೆ ಬರಲಿ ಎಂದುಕೊಂಡೆ.

ಎರಡು ಮೂರು ದಿನ ಕಳೆದ ಮೇಲೆ ಜಗ್ಗನ್ನು ಅವಳ ಕೈಗೆ ಕೊಟ್ಟು ನಾನು ಹಿಂದೆ ಸರಿದು ನಿಂತೆ. ಅವಳು ಮೊದಲ ಹುಡುಗನ ಮುಂದೆ ಹೋಗಿ ನಿಂತಳು. ಅವನು ಲೋಟ ಚಾಚಿದ. ಅವಳು ಸುರಿಯಲಿಲ್ಲ, ಕೇಳಲೂ ಇಲ್ಲ. ನನ್ನನ್ನು ತಿರುಗಿ ನೋಡಿದಳು. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಹಾಲು ಆರುತ್ತಿತ್ತು. ಸಾಲಿನ ಕೊನೆಯವರು ಗಲಾಟೆ ಶುರುಮಾಡಿದರು. ಮುಖ್ಯ ಶಿಕ್ಷಕರು ಬಾಗಿಲಲ್ಲಿ ಬಂದು ನಿಂತು, ಯಾಕೆ ತಡ ಎಂಬಂತೆ ನೋಡಿದರು. ನಾನೇ ಹೋಗಿ ಕೇಳಿಬಿಡೋಣ ಎಂದು ಕಾಲು ಎತ್ತಿಯೂ ಇದ್ದೆ. ಅಷ್ಟರಲ್ಲಿ ಲೋಟ ಹಿಡಿದಿದ್ದ ಹುಡುಗನೇ ದನಿ ತಗ್ಗಿಸಿ, “ಬೇಕಾ ಅನ್ನು” ಎಂದು ಅವಳಿಗೆ ಹೇಳಿಕೊಟ್ಟ. ಕೇಸರಿಬಾತ್ ಎಂದಿದ್ದವನು ಅವನೇ.

“ಬೇಕಾ” ಎಂದಳು.

“ಬೇಕು” ಎಂದ.

ಆ ದಿನ ಕೊನೆಯ ಸಾಲಿನವರಿಗೆ ಸಿಕ್ಕಿದ್ದು ಪೂರ್ತಿ ತಣ್ಣಗಾದ ಹಾಲು. ಯಾರೂ ದೂರಲಿಲ್ಲ.

ಅಲ್ಲಿಂದ ಎಲ್ಲವೂ ಸರಾಗವಾಯಿತೆಂದೇನಲ್ಲ. ಹಾಲಿನ ಹೊತ್ತಿಗೆ ಮೂರು ಪದ ಆಡಿದವಳು ಪಾಠದ ಹೊತ್ತಿಗೆ ಮತ್ತೆ ಮೂಕಿ. ಪುಸ್ತಕ ಮುಂದಿಟ್ಟರೆ ಚಿತ್ರ ನೋಡುತ್ತಿದ್ದಳು, ಅಕ್ಷರಗಳನ್ನು ಅಚ್ಚುಕಟ್ಟಾಗಿ ಬರೆಯುತ್ತಿದ್ದಳು. ಓದು ಎಂದರೆ ತುಟಿ ಬಿಗಿ. ಕೊಯ್ಲು ಜೋರಾಗಿ ಶುರುವಾಗಿತ್ತು. ಕೆಲವು ದಿನ ಮನೆಗೆ ಹೋಗುವಾಗ, ರೈಟರು ಹೇಳಿದ್ದೇ ನಿಜವಾಗುತ್ತದೇನೋ ಎನಿಸುತ್ತಿತ್ತು. ಬೆಳಿಗ್ಗೆ ಮತ್ತೆ ಅದೇ ಮಾತುಗಳನ್ನು ಅದೇ ಕ್ರಮದಲ್ಲಿ ಹೇಳುತ್ತಿದ್ದೆ. ಬಾ, ಕೂತ್ಕೋ, ಪುಸ್ತಕ ತೆಗಿ, ಇದು ಏನು?

ಒಂದು ಮಧ್ಯಾಹ್ನ ಅಡುಗೆಯ ಅಕ್ಕ ಕೊಠಡಿಯ ಬಾಗಿಲಿಗೆ ಬಂದು, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಕರೆದಳು. “ಮೇಡಂ, ಸದ್ದು ಮಾಡ್ದೆ ಬನ್ನಿ.” ಹಿಂಬದಿಯ ನಲ್ಲಿಯ ಹತ್ತಿರ ಅಕ್ಕ, ತಮ್ಮ ಇಬ್ಬರೂ ತಟ್ಟೆ ತೊಳೆಯುತ್ತಿದ್ದರು. ತಮ್ಮ ನಲ್ಲಿಯನ್ನು ಪೂರ್ತಿ ತಿರುಗಿಸಿ ನೀರು ಚಿಮ್ಮಿಸುತ್ತಿದ್ದ. ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಿದ್ದಳು. “ಸಾಕು ಮಾರಾಯ. ಎಷ್ಟು ನೀರು ಚೆಲ್ತೀಯ? ನಿಲ್ಸು ಮಾರಾಯ, ನಿಲ್ಸು.”

ಅಡುಗೆಯ ಅಕ್ಕ ದಿನವೂ ಮಕ್ಕಳನ್ನು ಗದರುವುದು ಹೀಗೆಯೇ, ಇದೇ ಎಳೆತದಲ್ಲಿ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನನಗೂ ನಗು ಬಂತು, ಜೊತೆಗೆ ಕಣ್ಣೂ ಒದ್ದೆಯಾಯಿತು. ಅಲ್ಲಿ ಯಾರೂ ಹುಡುಗಿಗೆ ಕನ್ನಡ ಮಾತಾಡು ಎಂದಿರಲಿಲ್ಲ. ಅಸ್ಸಾಮಿ ಬರುವ ತಮ್ಮನನ್ನೇ ಅವಳು ಕನ್ನಡದಲ್ಲಿ ಬೈಯುತ್ತಿದ್ದಳು.

ಆಮೇಲೆ ಅವಳ ಬಾಯಿ ಕಟ್ಟುವುದೇ ಕಷ್ಟವಾಯಿತು. ಲಿಂಗ, ವಚನ ಎಲ್ಲ ಕಲಸಿಹೋಗುತ್ತಿತ್ತು. “ಮಿಸ್, ಅಮ್ಮ ಬಂದ” ಎನ್ನುತ್ತಿದ್ದಳು. ಮಕ್ಕಳು ಈಗಲೂ ನಗುತ್ತಿದ್ದರು, ಆದರೆ ಈಗ ಅವಳು ತಿರುಗಿ, “ಏನು ನಗ್ತೀಯ, ಸರಿ ಹೇಳ್ಕೊಡು” ಎನ್ನುತ್ತಿದ್ದಳು. ತಮ್ಮನಂತೂ ಅಕ್ಕನ ಹಿಂದೆಯೇ ಒಂದೊಂದು ಪದ ಹೆಕ್ಕಿಕೊಂಡು, ಒಂದನೇ ತರಗತಿಯ ಪುಸ್ತಕದಲ್ಲಿ ಒತ್ತಕ್ಷರವಿಲ್ಲದ ಪಾಠಗಳನ್ನು ಬೆರಳಿಟ್ಟು ಓದತೊಡಗಿದ.

ಕೊಯ್ಲು ಮುಗಿಯಿತು. ಅವರ ಅಪ್ಪನಿಗೆ ಕಳಸದ ಕಡೆಯ ತೋಟವೊಂದರಲ್ಲಿ ಮೆಣಸು ಕೊಯ್ಯುವ ಕೆಲಸ ಸಿಕ್ಕಿತು, ಸಂಸಾರ ಹೊರಟಿತು. ಈ ವರ್ಷದ ಪಾಠ ಮುಗಿಯುವ ತನಕ ಮಕ್ಕಳನ್ನು ಇಲ್ಲೇ ಬಿಡಿ, ಏನಾದರೂ ವ್ಯವಸ್ಥೆ ಮಾಡೋಣ ಎಂದು ನಾನು ತಾಯಿಯನ್ನು ಕೇಳಿದೆ. ಈ ಸಲ ರೈಟರು ಬೇಕಾಗಲಿಲ್ಲ, ನಡುವೆ ಮಗಳೇ ನಿಂತು ಮಾತು ದಾಟಿಸಿದಳು. ಮಕ್ಕಳನ್ನು ಬಿಟ್ಟು ತಾನು ಇರಲಾರೆ ಎಂದಳು ತಾಯಿ. ಹಾಗಾದರೆ ಒಂದು ದಿನ ರಜೆ ಹಾಕಿ ಹೊಸ ಶಾಲೆಗೆ ನಾನೂ ಬರುತ್ತೇನೆ, ಅಲ್ಲಿಯ ಟೀಚರ್ ಜೊತೆ ಮಾತನಾಡುತ್ತೇನೆ ಎಂದೆ.

ಹುಡುಗಿ ಅದನ್ನು ತಾಯಿಗೆ ಹೇಳಲೇ ಇಲ್ಲ. “ಬೇಡ ಮಿಸ್” ಎಂದಳು. “ನಂಗೆ ಕನ್ನಡ ಬರುತ್ತೆ. ನಾನೇ ಹೇಳ್ತೀನಿ.”

ಹೋಗಲಿಲ್ಲ. ಆದರೂ ಮನಸ್ಸು ತಡೆಯದೆ ಆ ಶಾಲೆಯ ನಂಬರ್ ಹುಡುಕಿ, ಅಲ್ಲಿಯ ಟೀಚರ್‌ಗೆ ಫೋನ್ ಮಾಡಿ, ಇಂಥ ಇಬ್ಬರು ಬರುತ್ತಾರೆ, ನೋಡಿಕೊಳ್ಳಿ ಎಂದು ಹೇಳಿದ್ದೆ.

ಕೆಲವು ದಿನ ಬಿಟ್ಟು ಅದೇ ನಂಬರಿನಿಂದ ಕರೆ ಬಂತು. ಟೀಚರ್ ಎಂದುಕೊಂಡರೆ ಹುಡುಗಿಯ ದನಿ. ನಮಸ್ಕಾರವೂ ಇಲ್ಲ, ಹೇಗಿದ್ದೀರಿ ಎಂದೂ ಇಲ್ಲ. “ಮಿಸ್, ಇವನನ್ನ ಅಂಗನವಾಡಿಗೆ ಕಳ್ಸಿದಾರೆ. ಸಣ್ಣಗಿದಾನೆ ಅಂತ. ಇವನು ಒಂದನೇ ಕ್ಲಾಸು. ಓದಕ್ಕೆ ಬರುತ್ತೆ. ನೀವು ಟೀಚರಿಗೆ ಹೇಳಿ.”

ಟೀಚರ್ ಪಕ್ಕದಲ್ಲೇ ಇರಬೇಕು, ಯಾರೋ ನಕ್ಕದ್ದು ಕೇಳಿಸಿತು. ನಾನು ಹೇಳಿದ್ದರೆ ಅರೆಗಳಿಗೆಯ ಕೆಲಸ.

“ಟೀಚರ್ ಅಲ್ಲೇ ಇದಾರಲ್ಲ, ನೀನೇ ಹೇಳು” ಎಂದೆ. “ಪುಸ್ತಕ ಕೊಡಿ, ಓದಿ ತೋರಿಸ್ತಾನೆ ಅನ್ನು. ನಾನು ಫೋನ್ ಇಡಲ್ಲ, ಕೇಳ್ತಾ ಇರ್ತೀನಿ.”

ಅವಳು ಫೋನನ್ನು ಬಾಯಿಂದ ದೂರ ಹಿಡಿದು ಹೇಳಿದ್ದು ಕೇಳಿಸಿತು. “ಟೀಚರ್, ಪುಸ್ತಕ ಕೊಡಿ. ನನ್ನ ತಮ್ಮ ಓದ್ತಾನೆ.” ಹಾಳೆ ತಿರುವಿದ ಸದ್ದಾಯಿತು. ತಮ್ಮ ಒಂದೊಂದೇ ಅಕ್ಷರ ಜೋಡಿಸಿಕೊಂಡು, ನಡುವೆ ಒಂದು ಕಡೆ ಎಡವಿ, ಅಕ್ಕ ಗದರಿದ ಮೇಲೆ ಮುಂದುವರಿದು, ಒಂದು ಪುಟ ಮುಗಿಸಿದ.

ಸಂಜೆ ಆ ಟೀಚರ್ ತಾವೇ ಫೋನ್ ಮಾಡಿ, ಹುಡುಗನನ್ನು ಒಂದನೇ ತರಗತಿಗೆ ಸೇರಿಸಿಕೊಂಡಿದ್ದೇವೆ ಎಂದು ತಿಳಿಸಿದರು. ಅಕ್ಕ ಮೊದಲ ವಾರವೇ ಊಟದ ಸಾಲನ್ನು ತಾನೇ ನೋಡಿಕೊಳ್ಳುತ್ತಿದ್ದಾಳಂತೆ, ಮಾತು ಮಾತ್ರ ಸ್ವಲ್ಪ ಜಾಸ್ತಿಯಂತೆ.

“ಮಾತಾಡ್ಲಿ ಬಿಡಿ” ಎಂದೆ.